ಕಟ್ಟೆಯ ಮೇಲಿನ ಕಂಬಳಿ

"ಯುಗಾದಿ ಆದ ಮ್ಯಾಲ ನಿನ್ನ ಮಗಳು ಕಟ್ಟಿ ಮ್ಯಾಲ ಕುಂತಿಲ್ಲ ನೋಡು." ಎದುರುಮನೆಯ ಬುಗ್ಗಮ್ಮ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿದಳು. "ಒಂದು, ಎರಡು, ಮೂರು... ಇದು ನಾಕನೇ ತಿಂಗಳು. ನಾ ಏನೂ ಅನ್ನಂಗಿಲ್ಲವ್ವ, ಓಣಿ ಅಂತೈತಿ."

ಓಣಿಯಂತೆ ಓಣಿ! ಆ ಓಣಿಗೆ ಬಾಯಿ ಅಂತ ಒಂದಿದ್ದರೆ ಅದು ಬುಗ್ಗಮ್ಮನದೇ. ಪೆಂಟಮ್ಮ ಮೊರದಲ್ಲಿ ಜೋಳ ಕೇರುತ್ತಲೇ ಇದ್ದಳು. ಪರರ ಮಗಳ ಮುಟ್ಟನ್ನು ಎಣಿಸುವ ಆ ಬೆರಳುಗಳ ಕಡೆಗೇ ಹೊಟ್ಟು ತೂರಿದಳು.

ಎಣಿಸುವುದೇನೂ ಕಷ್ಟದ ಕೆಲಸವಲ್ಲ. ಕುರುಬರಾದ ಪೆಂಟಮ್ಮನ ಮನೆಯೊಳಗೆ ಕುಲದೇವರು ಬೀರಪ್ಪನ ಪೆಟ್ಟಿಗೆ ಇದೆ. ಮುಟ್ಟಾದ ಹೆಂಗಸು ಮೂರು ದಿನ ಬಾಗಿಲಾಚೆಯ ಕಟ್ಟೆಯ ಮೇಲೆ ಕರಿ ಕಂಬಳಿ ಹೊದ್ದು, ಬೇರೆ ತಟ್ಟೆ, ಬೇರೆ ಚೆಂಬು ಇಟ್ಟುಕೊಂಡು ಕೂರಬೇಕು. ದೇವರಿಗೆಂದು ಮಾಡಿದ ಪದ್ಧತಿ. ದೇವರು ನೋಡುತ್ತಾನೋ ಇಲ್ಲವೋ, ಓಣಿ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತದೆ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ, ಇನ್ನು ನೌಕರಿಗಳೆಲ್ಲ ನಮ್ಮ ಮಕ್ಕಳಿಗೇ ಎಂದು ಊರಿಗೆ ಊರೇ ಕುಣಿದಿತ್ತು. ಕುಣಿದವರೆಲ್ಲ ಮನೆಗೆ ಹೋಗಿ ಮಲಗಿದರು. ಓಡಿ ನೌಕರಿ ಹಿಡಿಯಲು ಎದ್ದವಳು ಪೆಂಟಮ್ಮನ ಮಗಳು ಹರಿತಾ ಒಬ್ಬಳೇ. ಬೆಳಗು ಹರಿಯುವ ಮುಂಚೆ ಮಕ್ತಲ್ ರಸ್ತೆಯಲ್ಲಿ ಹತ್ತು ಕಿಲೋಮೀಟರ್, ಸಂಜೆ ಮತ್ತೆ ಅಷ್ಟೇ. ಮೈ ಹಗುರಾಗಬೇಕೆಂದು ನಾರಾಯಣಪೇಟೆಯ ಕೋಚ್ ಹೇಳಿದ್ದೇ ತಡ, ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಹದಿನೆಂಟರ ಹುಡುಗಿಯ ಕೊರಳ ಎಲುಬು ಎದ್ದು ಕಾಣತೊಡಗಿತು. ಆಮೇಲೆ ಮುಟ್ಟೂ ನಿಂತಿತು. ಅದನ್ನು ಕೇಳಿ ಕೋಚ್ ನಕ್ಕನಂತೆ. "ಚಲೋ ಆತಲ್ಲ, ತಿಂಗಳಿಗೆ ಮೂರು ದಿನ ರಜಾ ಉಳೀತು!" ಥೂ, ಅವನ ನಗುವಿಗಿಷ್ಟು ಬೆಂಕಿ ಬೀಳ.

ಪೆಂಟಮ್ಮನೂ ಮೊದಲು ಮಗಳನ್ನು ಅನುಮಾನಿಸಿದ್ದಳು. ಸುಳ್ಳೇಕೆ? ಮಗಳು ಸ್ನಾನ ಮಾಡುವಾಗ ಹೊಟ್ಟೆಯನ್ನು ಕದ್ದು ನೋಡಿದ್ದಳು. ಮಕ್ತಲ್‌ನ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಬಸಿರೂ ಇಲ್ಲ, ಏನೂ ಇಲ್ಲ. ಓಟ ಜಾಸ್ತಿ, ಊಟ ಕಮ್ಮಿ. ಹಾಲು, ಮೊಟ್ಟಿ ಕೊಡ್ರಿ. ಹಿಂಗ ಬಿಟ್ಟರ ಎಲುಬು ಸವೀತಾವ," ಎಂದಾಗ ತನ್ನ ಕಣ್ಣುಗಳ ಮೇಲೇ ಅವಳಿಗೆ ಹೇಸಿಗೆ ಹುಟ್ಟಿತ್ತು. ಟಿವಿಯ ಸಿನಿಮಾಗಳಲ್ಲಿ ಪೊಲೀಸ್ ಹೀರೋಯಿನ್‌ಗಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾರೆ, ಊರೇ ಕೂತು ಚಪ್ಪಾಳೆ ತಟ್ಟುತ್ತದೆ. ನೀ ಯಾವಾಗ ಹೊರಗಾದೆ ಎಂದು ಅವರನ್ನು ಯಾರಾದರೂ ಕೇಳಿದ್ದುಂಟೇ?

ಆದರೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಗಂಡ ಪೆದ್ದಯ್ಯನ ಕಿವಿಗೆ ಸುದ್ದಿ ಆಗಲೇ ಬಿದ್ದಿತ್ತು. ಫೋನಿನಲ್ಲಿ ಗುಡುಗಿದ. "ಡಾಕ್ಟರು ಗೀಕ್ಟರು ನಂಗ ಬ್ಯಾಡ. ಆಕಿ ಕಟ್ಟಿ ಮ್ಯಾಲ ಕುಂತಿದ್ದು ಬುಗ್ಗಕ್ಕ ನೋಡಿ ಹೇಳಬೇಕು. ಅಲ್ಲೀತನಕ ಹೊಸ್ತಿಲ ದಾಟಬಾರದು. ಮನಿ ಇಜ್ಜತ್ ಐತಿ!"

ಗದ್ವಾಲಿನ ಮೈದಾನದಲ್ಲಿ ಐದು ಸಾವಿರ ಮೀಟರ್ ಓಟದ ಆಯ್ಕೆ ನಾಡಿದ್ದು. ಮೊದಲ ಮೂವರಿಗೆ ಹೈದರಾಬಾದಿನ ಕ್ರೀಡಾ ಹಾಸ್ಟೆಲ್. ಹರಿತಾ ಅಳಲಿಲ್ಲ, ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಳು.

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಪೆದ್ದಯ್ಯನ ಅಪ್ಪ ಆಶಪ್ಪ ಕೆಮ್ಮಿದ. "ಒಂದು ವರ್ಷ ಕೃಷ್ಣಾ ದಾಟಿ ಕುರಿ ಹೊಡಕೊಂಡು ಹೋಗಿದ್ನಿ. ಮೇವಿಲ್ಲ, ದಿನಾ ನಡಿಗಿ. ಒಂದ ಕುರಿನೂ ಬೆದಿಗೆ ಬರಲಿಲ್ಲ. ನಿಂತು ನಾಕ ದಿನ ಮೇದ ಮ್ಯಾಲ ತಾವ ಬಂದ್ವು. ಅದರಾಗ ಏನೈತಿ?"

"ಮಾಮಾ, ಈ ಮಾತು ನಿಮ್ಮ ಮಗಗ ಹೇಳ್ರಿ," ಎಂದಳು ಪೆಂಟಮ್ಮ.

"ಕುರಿ ಆದರ ಅಂವ ಕೇಳ್ತಾನ," ಎಂದ ಆಶಪ್ಪ. "ಮಗಳಂದ್ರ ಕೇಳಂಗಿಲ್ಲ."

ಓಟದ ದಿನ ಕೋಳಿ ಕೂಗುವ ಹೊತ್ತಿಗೆ ಹರಿತಾ ಹಿತ್ತಿಲಿನಿಂದ ದಾಟಿ ಬಸ್ಸಿಗೆ ಹೋದಳು. ಪೆಂಟಮ್ಮ ಕರಿ ಕಂಬಳಿಯನ್ನು ತಲೆತುಂಬ ಹೊದ್ದು, ತಟ್ಟೆ ಚೆಂಬು ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಮುಟ್ಟಾಗದೆ ಹೊರಗೆ ಕೂತವಳ ಮೇಲೆ ಬೀರಪ್ಪ ಸಿಟ್ಟಾಗಲಾರ. ಕೇಳಿದವರಿಗೆಲ್ಲ ಆಶಪ್ಪ, "ಸೊಸಿ ನಾರ್ವ ಊರಿಗೆ ಹೋಗ್ಯಾಳ. ಮೊಮ್ಮಗಳು ಕುಂತಾಳ," ಎಂದ.

ಬಿಸಿಲೇರಿತು. ಕಂಬಳಿಯೊಳಗೆ ಬೆವರು ಕಿತ್ತುಕೊಂಡು ಬಂತು. ಹೋಗುವವರು ಬರುವವರು ತುಸು ನಿಂತು ನೋಡುವುದು ನೂಲಿನ ಸಂದಿಯಿಂದ ಕಾಣುತ್ತಿತ್ತು. ಇಷ್ಟು ವರ್ಷ ತಾನೂ ಇಲ್ಲಿ ಹೀಗೇ ಕೂತವಳಲ್ಲವೇ? ಇವತ್ತು ಮಾತ್ರ ಮೈಮೇಲೆ ನೊಣ ಮುತ್ತಿದ ಹಾಗಾಗುತ್ತಿತ್ತು.

ಕೊನೆಗೂ ಬುಗ್ಗಮ್ಮ ಬಂದಳು. ಕಟ್ಟೆಗೆ ಮೈ ತಾಗದಂತೆ ಬಗ್ಗಿ ಪಿಸುಗುಟ್ಟಿದಳು.

"ಬಂತೇನು ಹರಿತಾ? ಪೀಡಾ ಹೋತು. ನನ್ನ ಮುಂದ ಖರೇ ಹೇಳು, ನಾ ಯಾರ ಮುಂದನೂ ಅನ್ನಂಗಿಲ್ಲ. ನಿಮ್ಮವ್ವ ಯಾವ ಸೂಲಗಿತ್ತಿ ಹತ್ರ ಕಷಾಯ ಕುಡಿಸಿದಳು? ಎಷ್ಟು ತಿಂಗಳಿಂದಿತ್ತು ಅದು?"

ಕೂರದಿದ್ದರೆ ಬಸುರಿ, ಕೂತರೆ ತೆಗೆಸಿಕೊಂಡವಳು. ಇಂಥವರ ಬಾಯಿ ಮುಚ್ಚಿಸಲೆಂದು ತಾನು ಕಂಬಳಿ ಹೊದ್ದು ಬೇಯುತ್ತಿದ್ದಳಲ್ಲ! ಪೆಂಟಮ್ಮ ಕಂಬಳಿ ಕಿತ್ತೆಸೆದು ಎದ್ದು ನಿಂತಳು.

ಬುಗ್ಗಮ್ಮ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯ ನಮ್ಮವ್ವ! ನೀನಾ?"

"ಹ್ಞೂಂ, ನಾನ. ನನ್ನ ಮಗಳು ಗದ್ವಾಲದಾಗ ಓಡಾಕ ಹತ್ಯಾಳ. ಆಕಿ ಮುಟ್ಟಾಗಿಲ್ಲ. ನಾಕು ತಿಂಗಳಾತು, ಆಗಿಲ್ಲ. ಉಂಡು ಸುಧಾರಿಸಿಕೊಂಡ ಮ್ಯಾಲ ಆಗ್ತಾಳ. ಫೋನ್ ಮಾಡಿ ಹೇಳು ಆಕಿ ಅಪ್ಪಗ. ಓಣಿಗೂ ಹೇಳು." ಪೆಂಟಮ್ಮನ ದನಿ ಮೂರು ಮನೆಯಾಚೆಗೂ ಕೇಳುತ್ತಿತ್ತು. "ಥೂ! ಹೊಲಸು ಕಟ್ಟಿ ಮ್ಯಾಲ ಇರಲಿಲ್ಲ ಬುಗ್ಗಕ್ಕ, ನಿನ್ನ ಬಾಯಾಗ ಇತ್ತು."

ಅವಳು ಬೇರೆ ತಟ್ಟೆಯನ್ನು ಒಳಗೆ ಒಯ್ದು, ತೊಳೆದು, ಉಳಿದ ತಟ್ಟೆಗಳ ನಡುವೆ ಇಟ್ಟಳು. ಆಶಪ್ಪ ಕಂಡೂ ಕಾಣದವನಂತೆ ನೂಲುತ್ತಲೇ ಇದ್ದ. ಗೋಡೆಯ ಗೂಡಿನಲ್ಲಿಟ್ಟಿದ್ದ ಫೋನು ಮಧ್ಯಾಹ್ನವೆಲ್ಲ ಬಡಿದುಕೊಂಡಿತು. ಇಬ್ಬರೂ ಏಳಲಿಲ್ಲ.

ಸಂಜೆ ಹರಿತಾ ಮುಂಬಾಗಿಲಿನಿಂದಲೇ ಕುಂಟುತ್ತಾ ಬಂದಳು.

"ಮೂರನೇದಕ್ಕ ಬಂದ್ನಿ, ಅವ್ವಾ. ತೊಗೊಂಡ್ರು."

ಪೆಂಟಮ್ಮ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಕುದಿಸಿದ ಎರಡು ಮೊಟ್ಟೆ ಕೈಗಿಟ್ಟು, ಶೂ ಬಿಚ್ಚಿದಳು. ಹಿಮ್ಮಡಿಯ ಬೊಕ್ಕೆ ಒಡೆದು ಬಿಳಿ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ಮೆಲ್ಲಗೆ ಸುಲಿದು ತೆಗೆದಳು.

"ಕೊಡವ್ವಾ, ತೊಳೀತೀನಿ."

"ನೀ ತಿನ್ನು."

ಪೆಂಟಮ್ಮ ನೀರಿನ ಕಡೆ ಹೋಗಲಿಲ್ಲ. ಅಂಗಳಕ್ಕೆ ಇಳಿದು, ಬುಗ್ಗಮ್ಮನ ಬಾಗಿಲಿಗೆ ನೇರವಾಗಿದ್ದ ಹಗ್ಗದ ಮೇಲೆ ಆ ಕಾಲುಚೀಲವನ್ನು ಹರವಿ, ಗಾಳಿಗೆ ಹಾರದಂತೆ ಗಂಟು ಹಾಕಿದಳು.