ಸಮುದ್ರ ನೋಡಿದ ಲಿಂಗ

“ಇದರಾಗಿನ ಸ್ವಾಮಿ ಎಲ್ಲಿಗ್ಹೋದ?”

ಚನ್ನವೀರಮ್ಮ ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಬೋರಲು ಹಾಕಿ ತಟ್ಟುತ್ತಿದ್ದಳು. ಯಾರನ್ನೂ ನೋಡಿ ಕೇಳಿದ್ದಲ್ಲ. ಉದುರಿದ್ದು ಒಂದಿಷ್ಟು ವಿಭೂತಿ, ಒಣಗಿದ ಒಂದು ಪತ್ರೆ.

ಅವಳ ತಮ್ಮನ ಹೆಂಡತಿ ಕೊಟ್ರಬಸಮ್ಮ ತೀರಿಕೊಂಡಿದ್ದಳು. ಹೆಣಕ್ಕೆ ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಬಟ್ಟೆಯಿಂದ ಕಟ್ಟಿ ನಿಲ್ಲಿಸಿಯಾಗಿತ್ತು. ಆ ಅಂಗೈಯಲ್ಲಿ ಲಿಂಗ ಇಡುವುದೊಂದೇ ಬಾಕಿ. ಕೊರಳಲ್ಲಿ ಕಟ್ಟಿಕೊಂಡು ಬಾಳಿದ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣಿಗೆ ಇಳಿಸುವುದು ಅವರಲ್ಲಿಯ ಪದ್ಧತಿ.

ಕೊಟ್ರಬಸಮ್ಮನ ಮಗಳು ಶಾಂಭವಿ ದಿಂಬು ಜಾಡಿಸಿದಳು, ಆಸ್ಪತ್ರೆಯಿಂದ ತಂದ ಚೀಲ ಸುರುವಿದಳು. “ಬಳ್ಳಾರಿ ಆಸ್ಪತ್ರ್ಯಾಗ ಸ್ಕ್ಯಾನ್ ಮಾಡೋ ಮುಂದ ಬಿಚ್ಚಿಸಿದ್ರು ಅತ್ತಿ. ಅಲ್ಲೇ ಉಳೀತೇನೋ.”

“ಕರಡಿಗಿ ವಾಪಸ್ ಕೊಟ್ಟು ಲಿಂಗ ಇಟ್ಕೊಂಡ್ರೇನು? ಬೆಳ್ಳಿ ಬಿಟ್ಟು ಕಲ್ಲು ಕದಿಯೋ ಕಳ್ಳ ಬಳ್ಳಾರ್ಯಾಗ ಇನ್ನಾ ಹುಟ್ಟಿಲ್ಲವ್ವಾ. ಹೋಗು, ನಿಮ್ಮಪ್ಪನ್ನ ಕೇಳು.”

ಅಂಗಳದ ಬೇವಿನ ಕೆಳಗೆ ಮರಿಬಸಪ್ಪ ಕೂತಿದ್ದ. ಹೋದ ಮಾಗಿಯ ಪ್ರವಾಸದ ಕತೆಯನ್ನು ಸಿರುಗುಪ್ಪದಿಂದ ಬಂದ ಬೀಗರಿಗೆ ಹೇಳುತ್ತಿದ್ದವನು ಜಡೆಪ್ಪ. ಪಕ್ಕದ ಮನೆಯವನು, ಬಸ್ಸು ಓಡಿಸಿ ನಿವೃತ್ತನಾದವನು. ಶಾಂಭವಿಯ ಕಾರಿನಲ್ಲಿ ಗಂಡಹೆಂಡತಿ ಇಬ್ಬರನ್ನೂ ಕಾರವಾರದಿಂದ ಕಡಲಗುಂಟ ಕರೆದುಕೊಂಡು ಹೋದವನು ಅವನೇ.

“ನಾ ಬಸ್ಸಿನ ಮನಿಷಾ, ಸ್ಟಾಪ್ ಇಲ್ಲದಲ್ಲಿ ಬ್ರೇಕ್ ಹಾಕಿ ಗೊತ್ತಿಲ್ಲ. ಈಕಿ ಸೇತುವಿ ಬಂದ್ರ ನಿಲ್ಸು, ದೋಣಿ ಕಂಡ್ರ ನಿಲ್ಸು. ಕಾಳಿ ನದಿ ಸೇತುವಿ ಮ್ಯಾಲೆ ಹಿಂದಿಂದ ಲಾರಿಯಾವ ಹಾರ್ನ್ ಹೊಡದಾ ಹೊಡದ. ಈಕಿ ಕಿಡಕ್ಯಾಗಿಂದ ಕೈ ಮಾಡಿ, ‘ನೀ ಹೋಗಪ್ಪಾ, ನಿನಗ ಅವಸರ ಐತಿ’ ಅಂದ್ಳು!”

ಬೀಗರು ನಕ್ಕು, ಸಾವಿನ ಮನೆಯೆಂದು ನೆನಪಾಗಿ ಟವಲಿನಿಂದ ಬಾಯಿ ಒರೆಸಿಕೊಂಡರು.

“ಸಮುದ್ರ ನೋಡಿ ಏನಂದ್ಳೋ?”

“ಮೊದಲನೇ ದಿನ ಮಾತೇ ಇಲ್ಲ. ಮರುದಿನ ಅಂದ್ಳು, ‘ಜಡೆಪ್ಪಾ, ನಮ್ಮ ಕುರುಗೋಡಿನ ದೊಡ್ಡಬಸವಣ್ಣನ್ನ ಇದರಾಗ ನಿಂದ್ರಿಸಿದ್ರ ಕೊಂಬು ಸೈತ ಕಾಣಂಗಿಲ್ಲಲ್ಲೋ!’”

ಶಾಂಭವಿ ತಂದೆಯ ಬಳಿ ಬಗ್ಗಿದಳು. “ಅಪ್ಪಾ, ಅವ್ವನ ಲಿಂಗ ಕಾಣವಲ್ದು.”

ಬೆಳಗಿನಿಂದ ಮರಿಬಸಪ್ಪ ಕಾಯುತ್ತಿದ್ದುದು ಈ ಮಾತನ್ನೇ. ಮೊಣಕಾಲಿಗೆ ಕೈಯೂರಿ ಎದ್ದ. “ಅಯ್ಯನೋರನ್ನ ಒಳಗ ಕರಿ. ಬಾಗ್ಲಾ ಮುಂದ್ಮಾಡು.”

*

ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮರಿಬಸಪ್ಪನದು ಬಾಯ್ಲರ್ ಕೆಲಸ, ಕೊಟ್ರಬಸಮ್ಮನದು ನುಚ್ಚು ಕೇರುವ ಕೆಲಸ. ಮಿಲ್ಲಿನ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಎಷ್ಟು ಒರೆಸಿದರೂ ತೌಡಿನ ಧೂಳು ಅನ್ನದ ಮೇಲೆ, ಹಾಸಿಗೆಯ ಮೇಲೆ, ಮಗುವಿನ ರೆಪ್ಪೆಯ ಮೇಲೆ ಕೂರುತ್ತಿತ್ತು. ಮಿಲ್ಲಿನ ಸೈರನ್ನು ಕೂಗುವ ಮೊದಲೇ ಅವಳು ಮಿಂದು, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಕೂರುತ್ತಿದ್ದಳು. ಹಾಲು ಉಕ್ಕಲಿ, ಮಗು ಅಳಲಿ, ದೃಷ್ಟಿ ಕದಲಿಸುತ್ತಿರಲಿಲ್ಲ. ಮುಗಿದ ಮೇಲೆ ಲಿಂಗವನ್ನು ಸೆರಗಿನ ತುದಿಯಿಂದ ಒರೆಸಿ ಕರಡಿಗೆಗಿಟ್ಟು, ಮೊರ ಹಿಡಿದು ಹೊರಡುತ್ತಿದ್ದಳು. ವಯಸ್ಸಾದ ಮೇಲೆ ಅವಳ ತವರಾದ ಕುರುಗೋಡಿಗೆ ಬಂದು ನೆಲೆಸಿದರೂ ಆ ಹೊತ್ತು ತಪ್ಪಲಿಲ್ಲ.

ಆ ಪ್ರವಾಸದಲ್ಲಿ ಸಿಕ್ಕ ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ಬೆಳಗಿನ ಜಾವ ಜಡೆಪ್ಪ ಚಹಾದಂಗಡಿ ಹುಡುಕಿಕೊಂಡು ಹೋಗಿದ್ದ. ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕೊಟ್ರಬಸಮ್ಮ ಮರಳಿನ ಮೇಲೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಹತ್ತಿರದಲ್ಲಿ ಮರಿಬಸಪ್ಪ ತಲೆಗೆ ಟವಲು ಸುತ್ತಿಕೊಂಡು ನಡುಗುತ್ತ ನಿಂತಿದ್ದ.

ಅಂದು ಅವಳ ದೃಷ್ಟಿ ಕದಲಿತು. ಅಂಗೈ ದಾಟಿ ನೀರಿನ ಮೇಲೆ ಹೋಗಿ, ಅಲ್ಲಿಂದಾಚೆ ಹೋಗಿ, ನಿಲ್ಲಲು ನೆಲೆ ಸಿಗದೆ ಮತ್ತೂ ಆಚೆ ಹೋಯಿತು. ಮರಿಬಸಪ್ಪ ಅವಳ ಮುಖ ನೋಡಿದ. ಇಷ್ಟು ವರ್ಷ ಕಂಡ ಮುಖವಲ್ಲ ಅದು. ಅವಳು ಎದ್ದು ಅಲೆಯ ಅಂಚಿಗೆ ನಡೆದಳು. ಎಡಗೈಯನ್ನು ತನ್ನ ಕಣ್ಣ ಮುಂದಿನಿಂದ ಎತ್ತಿ ಸಮುದ್ರದ ಕಡೆಗೆ ಚಾಚಿದಳು, ಚೊಚ್ಚಲ ಕೂಸಿಗೆ ಚಂದ್ರನನ್ನು ತೋರಿಸುವವರ ಹಾಗೆ.

“ನೋಡು ನನ್ನಪ್ಪಾ. ನನ್ನ ಜೋಡಿ ತೌಡಿನ ಧೂಳಾಗ ಇದ್ದಿ, ಬೇಕು ಅನ್ನಲಿಲ್ಲ ಬ್ಯಾಡ ಅನ್ನಲಿಲ್ಲ. ಇದನ್ನೂ ನೋಡು.”

ಅಲೆ ಬಂತು. ಎದೆಯವರೆಗೆ ಏರಿ ಇಳಿದಾಗ ಅಂಗೈಯಲ್ಲಿ ನೀರಷ್ಟೇ ಇತ್ತು.

ಮರಿಬಸಪ್ಪ ಧೋತರ ಸಮೇತ ನೀರಿಗೆ ಇಳಿದ. ಮರಳು ಬಾಚಿದ, ಚಿಪ್ಪು ಬಾಚಿದ, ಕರ‍್ರಗೆ ಕಂಡದ್ದನ್ನೆಲ್ಲ ಬಾಚಿದ. “ಹೋತಲ್ಲೇ! ಲಿಂಗ ಹೋತಲ್ಲೇ!”

“ಎಲ್ಲಿಗ್ಹೋಗತೈತ್ರಿ?” ಅಂದಳು ಅವಳು. ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು. ಆಮೇಲೆ ಒದ್ದೆ ಅಂಗೈಯನ್ನು ಬಹಳ ಹೊತ್ತು ನೋಡಿದಳು. “ಎಷ್ಟ್ ದೊಡ್ಡದೈತ್ರಿ ಇದು. ಇಷ್ಟ್ ದೊಡ್ಡದು ನನ್ನ ಅಂಗೈ ತನಕ ಬಂತಲ್ರೀ.”

ಊರಿಗೆ ಬಂದ ಮೇಲೆ ಅವನೇ ಹೆದರಿದ. ಅಯ್ಯನವರ ಹತ್ತಿರ ಬೇರೆ ಲಿಂಗ ಕಟ್ಟಿಸಿಕೋ ಎಂದು ದಿನಾ ಗುನುಗಿದ. ಒಂದು ದಿನ ಅವಳು ಕಾಲು ಚಾಚಿ ಕೂತು, “ನಿಮ್ಮ ಮಾತು ಎಂದಾರ ತಗದ್ಹಾಕೇನೇನು? ಇದೊಂದು ನನಗ ಬಿಡ್ರಿ” ಅಂದಳು. ಮಂದಿ ಕಣ್ಣಿಗೆಂದು ಖಾಲಿ ಕರಡಿಗೆ ಕೊರಳಲ್ಲೇ ಇತ್ತು. ಬೆಳಿಗ್ಗೆ ಮಾತ್ರ ಬರಿಯ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಮೊದಲಿನ ಹಾಗೆಯೇ ಕದಲದೆ ಕೂರುತ್ತಿದ್ದಳು.

*

ಬಾಗಿಲು ಹಾಕಿದ ಕೋಣೆಯಲ್ಲಿ ಮರಿಬಸಪ್ಪ ಇದನ್ನೆಲ್ಲ ಹೇಳಿ ಮುಗಿಸಿದ. ಹೊರಗೆ ಭಜನೆಯವರ ತಾಳ ಕೇಳುತ್ತಿತ್ತು.

“ಹಂಗಾರ ಭವಿಯಾಗಿ ಸತ್ಲಲ್ಲೋ!” ಚನ್ನವೀರಮ್ಮ ನೆಲಕ್ಕೆ ಕೂತಳು. “ಲಿಂಗಿಲ್ಲದಾಕಿ ಕೈಲೆ ತಿಂಗಳಗಟ್ಲೆ ಉಂಡೀವಿ. ಮಂದಿ ಉಗುಳ್ತಾರ. ಮಂದಿ ಹಾಳಾಗ್ಹೋಗ್ಲಿ, ಅಲ್ಲಿ ಕೈಲಾಸದ ಬಾಗಲ್ದಾಗ ಆಕಿನ್ನ ನಿಂದ್ರಿಸಿ ಕೈ ತೋರ್ಸು ಅಂತಾರ, ಏನು ತೋರಿಸ್ಯಾಳು ನಮ್ಮ ಕೊಟ್ರಿ?” ಈಗ ಅವಳು ನಿಜವಾಗಿ ಅಳುತ್ತಿದ್ದಳು.

ಲಿಂಗ ಕಟ್ಟುವ ಅಯ್ಯನವರಾದ ಪ್ರಭುಲಿಂಗಯ್ಯನವರು ತಮ್ಮ ಜೋಳಿಗೆ ಬಿಚ್ಚಿದರು. “ಅಳಬ್ಯಾಡ ತಾಯಿ. ಇದಕ್ಕೂ ದಾರಿ ಐತಿ.” ಬಟ್ಟೆಯ ಗಂಟಿನಿಂದ ಹೊಸದೊಂದು ಲಿಂಗ ತೆಗೆದು ಮರಿಬಸಪ್ಪನ ಕೈಗಿಟ್ಟರು. “ಕಿವ್ಯಾಗ ನಾ ಮಂತ್ರ ಹೇಳ್ತೀನಿ. ಗಂಡ ನೀನು, ನೀನಾ ಇಡು. ಈ ಕೋಣಿ ಬಿಟ್ಟು ಮಾತು ಹೊರಗ ಹೋಗಂಗಿಲ್ಲ.”

ಕಲ್ಲು ಮಿರಿಮಿರಿ ಮಿಂಚುತ್ತಿತ್ತು. ಯಾವ ಸೆರಗೂ ಅದನ್ನು ಒರೆಸಿರಲಿಲ್ಲ. ಮರಿಬಸಪ್ಪ ಹೆಂಡತಿಯ ಎದುರು ಕೂತ. ಇಂದು ಏನಿಟ್ಟರೂ ಅವಳು ಬೇಡ ಅನ್ನುವ ಹಾಗಿರಲಿಲ್ಲ. ಅಂಗೈಯ ಗೆರೆಗಳು ಆಳವಾಗಿದ್ದವು, ಮೊರ ಹಿಡಿದು ಬೆರಳ ಬುಡ ಜಡ್ಡುಗಟ್ಟಿತ್ತು. ಬೆರಳುಗಳು ಒಂದಿಷ್ಟೇ ಬಿಡಿಸಿಕೊಂಡಿದ್ದವು. ಅವನ ಕೈ ಅಲ್ಲಿಯವರೆಗೆ ಹೋಗಿ ನಿಂತಿತು.

“ಇಡೋ ತಮ್ಮಾ” ಅಂದಳು ಚನ್ನವೀರಮ್ಮ.

ಅವನು ಲಿಂಗವನ್ನು ಕಣ್ಣಿಗೊತ್ತಿಕೊಂಡು ಅಯ್ಯನವರಿಗೆ ಮರಳಿಸಿದ. “ಇದು ದೊಡ್ಡದು ಅಯ್ಯನೋರ, ಅಲ್ಲ ಅನ್ನಂಗಿಲ್ಲ. ಆದ್ರ ಆಕಿ ಕೈ ಖಾಲಿ ಇಲ್ಲ.”

ಪ್ರಭುಲಿಂಗಯ್ಯನವರು ಸತ್ತವಳ ಮುಖವನ್ನೂ ಕೈಯನ್ನೂ ನೋಡಿದರು. ಗಂಟು ಕಟ್ಟುತ್ತ ಮೆಲ್ಲಗೆ ಕೇಳಿದರು: “ನಾ ಸಮುದ್ರ ನೋಡಿಲ್ಲ. ಅಷ್ಟ್ ದೊಡ್ಡದೈತೇನು?”

“ಹೇಳಾಕ ಬರಂಗಿಲ್ರಿ.”

ಅಯ್ಯನವರು ಜೋಳಿಗೆ ಹೆಗಲಿಗೇರಿಸಿ, ಬಗ್ಗಿ, ಆ ಬರಿಗೈಗೆ ವಿಭೂತಿ ಹಚ್ಚಿದರು. ಶಾಂಭವಿ ಬಾಗಿಲ ಅಗುಳಿ ತೆಗೆಯಲು ಎದ್ದಳು. ಆಚೆ ಮಂದಿ ಒತ್ತಿಕೊಂಡು ನಿಂತಿದ್ದರು.

ಚನ್ನವೀರಮ್ಮ ತಮ್ಮನ ರಟ್ಟೆ ಹಿಡಿದಳು. “ನಿನ್ನ ಕಾಲಿಗೆ ಬೀಳ್ತೀನಿ, ಸೆರಗಾರ ಮುಚ್ಚೋ ಕೈ ಮ್ಯಾಲೆ. ದಾರಿ ತುಂಬ ಎಲ್ರೂ ನೋಡ್ತಾರ.”

ಮರಿಬಸಪ್ಪ ಹೆಂಡತಿಯ ತೋಳಿನ ಮೇಲೆ ಜಾರಿದ್ದ ಸೆರಗನ್ನು ಮೊಣಕೈಯಿಂದಾಚೆಗೆ ಸರಿಸಿದ. ಬಾಗಿಲು ತೆರೆಯಿತು. ಬಿಸಿಲು ಒಳಗೆ ಬಂದು ಆ ಅಂಗೈಯನ್ನು ತುಂಬಿತು.

“ಮುಚ್ಚಂಗಿಲ್ಲಕ್ಕಾ” ಅಂದ.