ಇನ್ನೊಂದು ಕೀ

ಎರಡನೆಯ ಸಲವೂ ಕಾರು ಹೊಸ ಕೀಯನ್ನು ಒಪ್ಪಲಿಲ್ಲ. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ್ದ ವೈರಿನ ಇನ್ನೊಂದು ತುದಿಯಲ್ಲಿದ್ದ ಪುಟ್ಟ ಪರದೆಯಲ್ಲಿ ಕೆಂಪು ಅಕ್ಷರ ಮೂಡಿತು. ಕೀ ಮಾಡುವ ಶಶಿಕುಮಾರ್ ಲೊಚಗುಟ್ಟಿದ. ಕೀಯನ್ನು ಸ್ಟಾರ್ಟ್ ಗುಂಡಿಗೆ ಒತ್ತಿ ಹಿಡಿದಿದ್ದ ಹೆಬ್ಬೆರಳನ್ನು ಕೊಡವಿಕೊಂಡ.

"ಬ್ಯಾಟರಿ ಡೌನ್ ಆಗಿರೋ ಹಾಗಿದೆ ಮೇಡಂ. ಗಾಡಿ ಎಷ್ಟು ದಿನದಿಂದ ನಿಂತಿದೆ?"

"ತಿಂಗಳಾಯ್ತು," ಅಂದಳು ಕಲಾ.

ಅನ್ನಪೂರ್ಣೇಶ್ವರಿ ನಗರದ ಆ ಅಡ್ಡರಸ್ತೆಯಲ್ಲಿ ಭಾನುವಾರದ ಬಿಸಿಲು ಏರುತ್ತಿತ್ತು. ನಾಳೆಯಿಂದ ಪೈಪು ಹಾಕಲು ರಸ್ತೆ ಅಗೆಯುತ್ತಾರೆ, ಗಾಡಿಗಳನ್ನೆಲ್ಲ ತೆಗೆಯಿರಿ ಎಂದು ಹೇಳಿ ಹೋಗಿದ್ದರು. ಬೇರೆಯವರ ಕಾರುಗಳೆಲ್ಲ ಆಗಲೇ ಜಾಗ ಖಾಲಿ ಮಾಡಿದ್ದವು. ಹೊಂಗೆ ಮರದ ಕೆಳಗೆ ಉಳಿದದ್ದು ಇವಳದೊಂದೇ, ಮೈತುಂಬ ಧೂಳು, ಒಣಗಿದ ಹೂವು, ಹಕ್ಕಿ ಹಿಕ್ಕೆ. "ಸುಬ್ರಮಣಿ ಹತ್ರ ಒಂದು ಕೀ ಇದ್ಯಲ್ವೇನೇ? ಒಂದು ಫೋನ್ ಮಾಡು, ಬಂದು ತೆಗೀತಾನೆ," ಎಂದು ಎದುರುಮನೆ ಯಶೋದಮ್ಮ ಎರಡು ಸಲ ಹೇಳಿದ್ದರು. ಕಲಾ ಹೂಂ ಅಂದು ಒಳಗೆ ಹೋಗಿ ಕೀ ಮಾಡುವವನಿಗೆ ಫೋನ್ ಮಾಡಿದ್ದಳು.

ತಿಂಗಳ ಹಿಂದಿನ ಆ ರಾತ್ರಿ ಅವಳ ಕೈಯಲ್ಲಿ ಕೀ ಇತ್ತು, ಕಾರಿರಲಿಲ್ಲ. ಅಮ್ಮ ಚಿಕ್ಕಗಂಗಮ್ಮ ಎದೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಕಲಾ ಬೀದಿಗೆ ಓಡಿಬಂದು ಕೀಯ ಗುಂಡಿ ಒತ್ತಿದಳು. ಯಾವ ಕಡೆಯೂ ದೀಪ ಮಿನುಗಲಿಲ್ಲ. ಅತ್ತ ತಿರುಗಿ ಒತ್ತಿದಳು, ಇತ್ತ ತಿರುಗಿ ಒತ್ತಿದಳು. ಬೇಗ ಬರ್ತೀನಿ ಅಂದು ಕಾರು ತೆಗೆದುಕೊಂಡು ಹೋಗಿದ್ದ ಗಂಡ ಸುಬ್ರಮಣಿ ಕೆಂಗೇರಿಯಲ್ಲಿ ಸ್ನೇಹಿತನ ಮನೆಯಲ್ಲಿ ಇಸ್ಪೀಟಿಗೆ ಕೂತಿದ್ದ, ಫೋನನ್ನು ಕಾರಿನಲ್ಲೇ ಬಿಟ್ಟಿದ್ದ. ಕಡೆಗೊಂದು ಆಟೋ ಸಿಕ್ಕಿ ಆಸ್ಪತ್ರೆಯ ಬಾಗಿಲು ಮುಟ್ಟುವ ಹೊತ್ತಿಗೆ ಅಮ್ಮನ ಕೈ ತಣ್ಣಗಾಗಿತ್ತು. ಬೇಗ ಬಂದಿದ್ದರೆ ಉಳೀತಿದ್ರಾ ಎಂದು ಕೇಳಿದ್ದಕ್ಕೆ ಡಾಕ್ಟರು, "ಹೇಳಕ್ಕಾಗಲ್ಲಮ್ಮ," ಅಂದರು. ಉಳೀತಿದ್ದರು ಅಂದಿದ್ದರೂ ಆಗುತ್ತಿತ್ತು, ಇಲ್ಲ ಅಂದಿದ್ದರೂ ಆಗುತ್ತಿತ್ತು. ಅವಳ ಕೀ ಆಟೋದಲ್ಲಿ ಬಿತ್ತೋ ಸ್ಟ್ರೆಚರಿನ ಮೇಲೆ ಉಳಿಯಿತೋ ತಿಳಿಯಲಿಲ್ಲ. ಬೆಳಿಗ್ಗೆ ಸುಬ್ರಮಣಿ ಕಾರು ತಂದು ಮರದ ಕೆಳಗೆ ನಿಲ್ಲಿಸಿದವನು ಮತ್ತೆ ಅದನ್ನು ಮುಟ್ಟಲಿಲ್ಲ.

ಆಮೇಲೆ ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ತಿಥಿಯ ಅಡುಗೆಗೆ ಏನೇನು ಬೇಕೆಂದು ಕೇಳಿದವರಿಗೆ ಹೇಳಿದಳು, ಆಫೀಸಿಗೆ ಹೋದಳು. ಒಂದು ಸಂಜೆ ಕಾವಲಿಗೆ ಬೆರಳು ತಗುಲಿದ್ದು ಗುಳ್ಳೆ ಎದ್ದ ಮೇಲೆ ಗೊತ್ತಾಯಿತು. ಕಾರ್ಯವೆಲ್ಲ ಮುಗಿದ ಮೇಲೆ ಸುಬ್ರಮಣಿ ಬ್ಯಾಡರಹಳ್ಳಿಯ ಅಣ್ಣನ ಮನೆಗೆ ಹೋದ. ಹೋಗಿ ಎಂದು ಅವಳು ಹೇಳಿರಲಿಲ್ಲ. ಇರಿ ಎಂದೂ ಹೇಳಿರಲಿಲ್ಲ.

ಶಶಿಕುಮಾರ್ ತನ್ನ ಸ್ಕೂಟರಿನಿಂದ ಒಂದು ಬ್ಯಾಟರಿ ತಂದು ಬಾನೆಟ್ಟಿನೊಳಗೆ ಕ್ಲಿಪ್ಪು ಹಾಕಿದ. ಡ್ಯಾಶ್‌ಬೋರ್ಡಿನ ದೀಪಗಳು ಚುರುಕಾದವು. ಮತ್ತೆ ಪ್ರಯತ್ನಿಸಿದರೆ ಮತ್ತೆ ಕೆಂಪು. ಹೊಸ ಕೀ ಬಿಚ್ಚಿ ಒಳಗಿನ ಗುಂಡು ಸೆಲ್ಲನ್ನು ಪ್ಯಾಂಟಿಗೆ ಉಜ್ಜಿ ನೋಡಿದ, ಬೇರೆ ಸೆಲ್ಲು ಹಾಕಿದ.

"ಇನ್ನೊಂದು ಕೀ ಎಲ್ಲಾದ್ರೂ ಇದ್ರೆ ತಂದ್ಬಿಡಿ ಮೇಡಂ. ಈ ಗಾಡೀಲಿ ಹಳೇದನ್ನೆಲ್ಲ ಅಳಿಸಿದ್ರೇನೇ ಹೊಸದು ಸೇರೋದು. ಈಗ ಇಲ್ಲಿ ತೋರಿಸದೇ ಇರೋ ಕೀ ಆಮೇಲೆ ಬರೀ ಪ್ಲಾಸ್ಟಿಕ್ಕು."

"ಇಲ್ಲ."

"ಒಂದೇನಾ ಇದ್ದಿದ್ದು?"

"ಇಲ್ಲ ಅಂದ್ನಲ್ಲ."

ಅವನು ತಲೆಯಾಡಿಸಿ ಪರದೆಯ ಕಡೆ ಬಗ್ಗಿದ. ಅಷ್ಟರಲ್ಲಿ ಝುಂಯ್ ಎಂದು ಸದ್ದಾಗಿ, ಕಾರಿನ ಎರಡು ಮಗ್ಗುಲಲ್ಲೂ ಮಡಚಿಕೊಂಡಿದ್ದ ಕನ್ನಡಿಗಳು ಕಿವಿಗಳಂತೆ ನಿಧಾನವಾಗಿ ತೆರೆದುಕೊಂಡವು. "ಬಂತು ಬಂತು!" ಎಂದು ಶಶಿಕುಮಾರ್ ಖುಷಿಯಿಂದ ಹೊಸ ಕೀಯ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. "ಇದಲ್ವಲ್ಲ... ಹತ್ರ ಬಂದಿರೋ ಇನ್ಯಾವ್ದೋ ಕೀನ ಓದ್ತಾ ಇದೆ," ಅನ್ನುತ್ತ ತಲೆಯೆತ್ತಿದ.

ಕಾರಿನ ಮಗ್ಗುಲಲ್ಲಿ ಸುಬ್ರಮಣಿ ನಿಂತಿದ್ದ. ಗಡ್ಡ ಬಿಟ್ಟಿದ್ದ. ಕೈಯಲ್ಲೊಂದು ಚೀಲವಿತ್ತು.

"ಇಡ್ಲಿ ತಂದೆ. ಚಂದ್ರಾ ಲೇಔಟಿಂದ," ಅಂದ ಕಲಾಳಿಗೆ. ಆಮೇಲೆ ತೆರೆದ ಬಾನೆಟ್ಟು, ವೈರು ನೋಡಿದ. "ಏನಾಗಿದೆ?"

"ಸಾರ್, ನಿಮ್ಹತ್ರ ಈ ಗಾಡಿ ಕೀ ಇದ್ಯಾ?" ಎಂದು ಶಶಿಕುಮಾರ್ ಕೇಳಿದ.

ಸುಬ್ರಮಣಿ ಶರ್ಟಿನ ಜೇಬು ಮುಟ್ಟಿಕೊಂಡ. "ಇದೆ."

ಶಶಿಕುಮಾರ್ ಕಲಾಳತ್ತ ನೋಡಿದ. ಅವಳು ಮರದ ಬುಡ ನೋಡುತ್ತಿದ್ದಳು.

"ಒಳ್ಳೇದಾಯ್ತು ಬಿಡಿ," ಅಂದ ಅವನು, ಯಾರನ್ನೂ ನೋಡದೆ. "ಕೊಡಿ ಇಲ್ಲಿ, ಎರಡನ್ನೂ ಸೇರಿಸ್ತೀನಿ. ಇಲ್ಲಾಂದ್ರೆ ನಿಮ್ದು ಸತ್ತೋಗುತ್ತೆ."

ಸುಬ್ರಮಣಿ ಕೀ ತೆಗೆದ. ಶಶಿಕುಮಾರನಿಗೆ ಕೊಡಲಿಲ್ಲ. ಅಂಗೈ ಮೇಲಿಟ್ಟು ಕಲಾಳ ಮುಂದೆ ಚಾಚಿದ.

"ಬೇಡ," ಅಂದಳು ಕಲಾ.

"ಎರಡಿದ್ರೆ ಒಳ್ಳೇದು ಮೇಡಂ. ನಾಳೆ ಒಂದು ಕಳೆದ್ರೆ—"

"ಬೇಡ."

ದನಿ ಏರಿರಲಿಲ್ಲ. ಆಫೀಸಿನಲ್ಲಿ ಕಾಫಿ ಬೇಕಾ ಎಂದು ಕೇಳಿದವರಿಗೆ ಹೇಳುವ ಹಾಗೇ ಇತ್ತು. ಸುಬ್ರಮಣಿಯ ಕೈ ಚಾಚಿದಂತೆಯೇ ಇತ್ತು.

"ಕಲಾ, ಅವತ್ತು ನಾನು..." ಅಂದ.

ಅವಳು ತಲೆಯೆತ್ತಿ ಅವನ ಮುಖ ನೋಡುತ್ತ ನಿಂತಳು. ತಿಂಗಳಿಂದ ಹಾಗೆ ನೋಡಿರಲಿಲ್ಲ. ಅವನ ತುಟಿ ಅಲುಗಿತು. ಅಂಗೈ ಮುಚ್ಚಿಕೊಂಡಿತು.

"ಹಾಗಾದ್ರೆ ಆ ಕೀ ಗಾಡಿ ಹತ್ರ ಇರಬಾರ್ದು ಸಾರ್," ಅಂದ ಶಶಿಕುಮಾರ್.

"ಎಷ್ಟು ದೂರ ಹೋಗ್ಬೇಕು?" ಎಂದು ಶಶಿಕುಮಾರನನ್ನು ಕೇಳಿದ.

"ಹತ್ತಡಿ ಸಾಕು ಸಾರ್. ಇದಕ್ಕೆ ವಾಸನೆ ಹತ್ತದಿದ್ರೆ ಆಯ್ತು."

ಅವನು ಚೀಲವನ್ನು ಗೇಟಿಗೆ ನೇತುಹಾಕಿ ನಡೆದ. ಹತ್ತಡಿ ದಾಟಿದ. ಯಶೋದಮ್ಮನವರ ಕಾಂಪೌಂಡು ದಾಟಿದ. "ಅಷ್ಟೇ ಸಾಕು ಸಾರ್!" ಎಂದು ಶಶಿಕುಮಾರ್ ಕೂಗಿದ್ದು ಕೇಳಿಸಿತೋ ಇಲ್ಲವೋ, ಅಡ್ಡರಸ್ತೆ ಮುಗಿದು ದೊಡ್ಡ ರಸ್ತೆ ಸೇರುವ ತಿರುವಿನವರೆಗೂ ಹೋಗಿ, ಎಳನೀರು ಗಾಡಿಯ ಪಕ್ಕ ಇವರಿಗೆ ಬೆನ್ನು ಹಾಕಿ ನಿಂತ.

ಕನ್ನಡಿಗಳು ಮತ್ತೆ ಮಡಚಿಕೊಂಡವು.

ಪರದೆಯಲ್ಲಿ ಒಂದು ಪ್ರಶ್ನೆ ಮೂಡಿತು. ಶಶಿಕುಮಾರ್ ಒತ್ತಲು ಹೋದವನು ಕೈ ಹಿಂದಕ್ಕೆ ತೆಗೆದ. "ಹಳೇದನ್ನ ಅಳಿಸ್ಲಾ ಅಂತ ಕೇಳ್ತಿದೆ. ಇದೊಂದು ನೀವೇ ಒತ್ತಿ ಮೇಡಂ. ನಾಳೆ ಮಾತು ನನ್ನ ಮೇಲೆ ಬರಬಾರ್ದು."

ಕಲಾ ಒತ್ತಿದಳು. ಮೊಬೈಲಿನಲ್ಲಿ ಏನೋ ಒತ್ತಿದಷ್ಟೇ ಅನ್ನಿಸಿತು. ಸ್ವಲ್ಪ ಹೊತ್ತು ಪರದೆ ಯೋಚಿಸಿ ಹಸಿರಾಯಿತು. ಅವಳು ಒಳಗೆ ಕೂತು ಬ್ರೇಕ್ ತುಳಿದು ಗುಂಡಿ ಒತ್ತಿದಾಗ ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಂಡಿತು.

"ಆಫ್ ಮಾಡ್ಬೇಡಿ, ಒಂದು ರೌಂಡು ಹೋಗ್ಬನ್ನಿ, ಚಾರ್ಜ್ ಆಗುತ್ತೆ," ಅಂದ ಶಶಿಕುಮಾರ್, ವೈರು ಸುತ್ತುತ್ತ. ಬಾನೆಟ್ಟು ಮುಚ್ಚಿದವನು ಕಿಟಕಿಯ ಬಳಿ ಬಂದು ತಡೆದು ಹೇಳಿದ, "ಅವರನ್ನ ಕರೀರಿ ಮೇಡಂ. ಮುಗೀತಲ್ಲ."

ಕಲಾ ಕಿಟಕಿಯಿಂದಲೇ ಅವನಿಗೆ ದುಡ್ಡು ಕೊಟ್ಟಳು. ಅವನು ಸ್ಕೂಟರು ಹತ್ತಿ ಹೋದ. ತಿರುವಿನಲ್ಲಿ ವೇಗ ತಗ್ಗಿಸಿ ಸುಬ್ರಮಣಿಗೆ ಏನೋ ಹೇಳಿದ. ಸುಬ್ರಮಣಿ ತಲೆಯಾಡಿಸಿದ, ಆದರೆ ಈ ಕಡೆ ತಿರುಗಲಿಲ್ಲ.

ಅವಳು ಗಾಜಿಗೆ ನೀರು ಚಿಮ್ಮಿಸಿ ವೈಪರು ಹಾಕಿದಳು. ಗಾಜಿನ ಮೇಲಿನ ಧೂಳು ಕೆಸರಾಗಿ, ಆಮೇಲೆ ಎರಡು ಕಮಾನುಗಳಷ್ಟು ಬೀದಿ ತಿಳಿಯಾಗಿ ಕಂಡಿತು. ಗೇರ್ ಹಾಕಿದಳು. ಕಾರು ಎಲೆಗಳ ಮೇಲೆ ಸದ್ದು ಮಾಡುತ್ತ ಹೊರಟಿತು. ಆ ಬೀದಿಗೆ ಹೊರದಾರಿ ಒಂದೇ, ಅವನು ನಿಂತಿದ್ದ ಕಡೆ.

ತಿರುವಿನಲ್ಲಿ ಎಳನೀರು ಗಾಡಿ ಅಡ್ಡವಾಗಿ ಬಲಗಡೆಯಿಂದ ಬರುವ ವಾಹನಗಳು ಕಾಣುತ್ತಿರಲಿಲ್ಲ. ಅವಳು ನಿಲ್ಲಿಸಿ ಕತ್ತು ಚಾಚಿದಳು. ಎಂಜಿನ್ನಿನ ಸದ್ದಿಗೆ ಸುಬ್ರಮಣಿ ತಿರುಗಿದ. ಅವಳನ್ನು ನೋಡಿದ, ರಸ್ತೆ ನೋಡಿದ. ಆಮೇಲೆ ದೊಡ್ಡ ರಸ್ತೆಯ ನಡುವಿಗೆ ಇಳಿದು, ಬರುತ್ತಿದ್ದ ನೀರಿನ ಟ್ಯಾಂಕರಿಗೆ ಕೈ ಅಡ್ಡ ಹಿಡಿದು ನಿಂತ.

ಟ್ಯಾಂಕರು ಕಿರ್ರೆಂದು ನಿಂತಿತು. ಕಲಾ ಆ ಸಂದಿಯಲ್ಲಿ ಕಾರು ತಿರುಗಿಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೂ ಹಿಂದೆ ಹಾರನ್ನುಗಳು ಒಂದರ ಮೇಲೊಂದು ಕೂಗುತ್ತಿದ್ದವು. ಕನ್ನಡಿಯಲ್ಲಿ ನೋಡಿದಳು. ಅವನು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.