ಕರು ಕಟ್ಟುವ ಗಂಟು

ಉಚ್ಚಂಗಪ್ಪನ ತಲೆ ಮೂರನೆಯ ಸಲವೂ ಎದೆಯ ಮೇಲೆ ಬಿತ್ತು.

"ಹಿಂದಿನಿಂದ ಹಿಡೀರಪ್ಪ, ಯಾರಾದ್ರೂ," ಎಂದರು ಅಯ್ಯನವರು. ವಿಭೂತಿ ಹಚ್ಚಲು ಚಾಚಿದ ಅವರ ಬೆರಳು ಗಾಳಿಯಲ್ಲೇ ನಿಂತಿತ್ತು.

ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಪೂಜೆಗೆ ಕೂತವರಂತೆ ಕೂರಿಸುತ್ತಾರೆ. ಹಾಗೆಯೇ ವಿಮಾನದಲ್ಲಿ, ಸಿಂಗರಿಸಿದ ಚಟ್ಟದಲ್ಲಿ, ಹೊತ್ತು ಹಾಗೆಯೇ ಮಣ್ಣಿಗಿಡುತ್ತಾರೆ. ಬದುಕಿದ್ದಷ್ಟು ದಿನ ಒಂದು ಕಡೆ ಕೂತು ಗೊತ್ತಿಲ್ಲದ ಉಚ್ಚಂಗಪ್ಪ ಈಗಲೂ ಕೂರಲು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಶಿರಾಳಕೊಪ್ಪದ ದಾರಿಯಲ್ಲಿ ಫಟಫಟಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಅವನ ಕತ್ತು ಮುರಿದಿತ್ತು. ಪೊಲೀಸರ ಕಿವಿಗೆ ಬಿದ್ದರೆ ಹೆಣ ಕೊಯ್ಯುತ್ತಾರೆಂದು ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡುವ ಅವಸರ ಎಲ್ಲರಿಗೂ ಇತ್ತು.

ಅಣ್ಣ ಬೆನಕಪ್ಪ ಹೆಣದ ಹಿಂದೆ ಕುಕ್ಕರುಗಾಲಲ್ಲಿ ಕೂತು ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ. ಯಾರೋ ಪಂಚೆಯ ಅಂಚು ಹರಿದು ಹಣೆಗೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ಗಲ್ಲ ಮೇಲೇರಿತು. ಕೊರಳು ಬೆಳಕಿಗೆ ಬಂತು. ಅಲ್ಲಿ ಹೆಬ್ಬೆರಳಗಲದ ನೀಲಿಗಟ್ಟಿದ ಬರೆ, ಒಂದು ಕಿವಿಯ ಕೆಳಗಿನಿಂದ ಇನ್ನೊಂದು ಕಿವಿಯವರೆಗೆ.

ಭಜನೆಯವರ ತಾಳ ನಿಂತಿತು.

"ಇದು ಬಿದ್ದ ಗಾಯ ಅಲ್ಲ." ಬೆನಕಪ್ಪನ ದನಿ ಸಣ್ಣಗಿತ್ತು. "ಅಯ್ಯಾರೇ, ನೀವೇ ನೋಡ್ರಿ. ಹಗ್ಗ ಹಾಕಿ ಬಿಗಿದಾರೆ. ನನ್ನ ತಮ್ಮನ್ನ ಬಿಗಿದು ಕೊಂದಾರೆ."

"ಬೆನಕಪ್ಪಾ, ಹೆಣದ ಮುಂದೆ ಅಂಥ ಮಾತು..."

"ಜೊತೀಗಿದ್ದೋನು ಒಬ್ಬನೇ. ಆ ಕುಬಟೂರಿನ ರಾಮ."

ಸತ್ತವನ ಕಾಲ ಬಳಿ ಕೂತಿದ್ದ ಹೆಂಡತಿ ನೀಲಾಂಬಿಕ ತಲೆಯೆತ್ತಿ ಆ ಬರೆಯನ್ನು ನೋಡಿದಳು. ಅವಳ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು.

ರಾಮಪ್ಪ ಹೊರಗೆ ಜಗಲಿಯ ಅಂಚಿನಲ್ಲಿದ್ದ. ಬೆಳಿಗ್ಗೆ ತನ್ನ ಫಟಫಟಿಯನ್ನು ದಾರಿಯಲ್ಲೇ ಬಿಟ್ಟು, ಯಾರದೋ ಎತ್ತಿನಗಾಡಿಯಲ್ಲಿ ಹೆಣವನ್ನೂ ಉಚ್ಚಂಗಪ್ಪನ ಫಟಫಟಿಯನ್ನೂ ಹೇರಿಕೊಂಡು ಬಂದವನು ಅಲ್ಲೇ ಕೂತಿದ್ದ, ನೀರೂ ಕುಡಿದಿರಲಿಲ್ಲ.

"ಏಳೋ," ಎಂದ ಬೆನಕಪ್ಪ. "ಏನಾಯ್ತು ಇನ್ನೊಂದ್ಸಲ ಹೇಳು."

"ಬಿದ್ರು ಅಣ್ಣಾ. ನಾ ನನ್ನ ಫಟಫಟೀಲಿ ಮುಂದಿದ್ದೆ. ಹಿಂದೆ ಸದ್ದು ನಿಂತೋಯ್ತು. ತಿರುಗಿ ಬಂದು ನೋಡ್ದೆ, ಉಸಿರಿರಲಿಲ್ಲ ಮಾರಾಯ್ರೇ."

"ಕೊಳ್ಳಾಗಿನ ಬರೆ?"

ರಾಮಪ್ಪ ಒಳಗೆ ನೀಲಾಂಬಿಕ ಕೂತಿದ್ದ ಕಡೆ ನೋಡಿದ.

"ಮನೆ ಬಿಡೋವಾಗ ಮೈಮೇಲೆ ಕಂಬಳಿ ಇತ್ತು. ಅದೆಲ್ಲಿ?"

"ಗೊತ್ತಿಲ್ಲ."

"ಅವನ ಸೊಂಟ ನೋಡ್ರಿ, ಸೊಂಟ!" ಎಂದು ಯಾರೋ ಕೂಗಿದರು. ಸೊಂಟದಲ್ಲಿ ಚಾಕು ಸಿಕ್ಕಿತು. ಅಲ್ಲಿಗೆ ಮುಗಿಯಿತು. "ಹೋದ ವರ್ಷ ಉಚ್ಚಂಗಿ ಇವನ ಹಲ್ಲು ಮುರಿದಿದ್ನಲ್ಲ, ಆ ಸೇಡು!" ಎಂದಿತು ಇನ್ನೊಂದು ದನಿ. ಬೆನಕಪ್ಪ ಎತ್ತಿನಗಾಡಿಯ ಪಕ್ಕದ ಗೂಟವನ್ನು ಕಿತ್ತು ಬೀಸಿದ. ಮೊದಲ ಪೆಟ್ಟು ರಾಮಪ್ಪನ ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಕೈ ಅಡ್ಡ ಹಿಡಿದ. ಬೆರಳು ಮುರಿದ ಸದ್ದು ಒಳಗಿನವರಿಗೂ ಕೇಳಿಸಿತು.

*

ಉಚ್ಚಂಗಪ್ಪ ದೊಡ್ಡ ಮನುಷ್ಯನೇನಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿಯ ಕಾಗದಗಳನ್ನು ಫಟಫಟಿಯ ಮೇಲೆ ಹೊತ್ತು ತಿರುಗಿದವನು. ಊರಿಗೆ ಮರಳಿ ಅಕ್ಕಿ ಗಿರಣಿಯಲ್ಲಿ ಇಂಜಿನ್ ನಡೆಸುವ ಕೆಲಸಕ್ಕೆ ಸೇರಿದ. ಆದರೆ ಆ ಸದ್ದು ಅವನನ್ನು ಬಿಡಲಿಲ್ಲ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಫಟಫಟಿಯೊಂದನ್ನು ತಂದು, ಹಟ್ಟಿಯ ಎಮ್ಮೆಗಿಂತ ಹೆಚ್ಚು ಮೈ ತಿಕ್ಕಿ ಸಾಕಿದ.

ಪ್ರತಿ ವರ್ಷ ಮಾರ್ಗಶಿರದಲ್ಲಿ, ಭತ್ತ ಕೊಯ್ದ ಮೇಲೆ, ಜಡೆಯ ಹತ್ತಿರದ ಬಯಲಲ್ಲಿ ಫಟಫಟಿಯವರ ಜಮಾವಣೆ. ಹಾವೇರಿ, ಶಿರಸಿ, ಸಾಗರ, ದಾವಣಗೆರೆಯ ಕಡೆಯಿಂದ ಇಪ್ಪತ್ತು ಮೂವತ್ತು ಜನ ಬಂದು ಕೊಯ್ದ ಗದ್ದೆಯಲ್ಲಿ ಡೇರೆ ಹಾಕಿ ಎರಡು ದಿನ ಬಿಡಾರ ಬಿಡುತ್ತಿದ್ದರು. ಕೆರೆಯ ಏರಿಯ ಮೇಲೆ ಓಟದ ಪಂದ್ಯ, ಸಂಜೆಗೆ ಬೆಂಕಿಯ ಸುತ್ತ ಸುಳ್ಳು ಸುದ್ದಿಯ ಪಂದ್ಯ. ಹಿಂದಿನ ವರ್ಷ ಗೆದ್ದವರು ಯಾರೆಂಬ ಜಗಳದಲ್ಲಿ ಉಚ್ಚಂಗಪ್ಪ ರಾಮಪ್ಪನ ಮುಂದಿನ ಹಲ್ಲು ಉದುರಿಸಿದ. ರಾಮಪ್ಪ ಇವನ ಕಿವಿ ಕಚ್ಚಿದ. ಇಬ್ಬರೂ ಉರುಳಿ ಕೆಂಡಕ್ಕೆ ಬಿದ್ದರು. ಬೆಳಗಾಗುವಷ್ಟರಲ್ಲಿ ಒಂದೇ ಲೋಟದ ಚಹಾ ಕುಡಿಯುತ್ತಿದ್ದರು. ಹೊಡೆದಾಡಿದ ಮೇಲೆಯೇ ಉಚ್ಚಂಗಪ್ಪನಿಗೆ ಮನುಷ್ಯರು ಹತ್ತಿರವಾಗುತ್ತಿದ್ದುದು.

ಮದುವೆಯಾದ ಹನ್ನೊಂದು ವರ್ಷದಲ್ಲಿ ನೀಲಾಂಬಿಕಳ ಮೇಲೆ ಅವನ ಕೈ ನಾಲ್ಕು ಸಲ ಎದ್ದಿತ್ತು. ನಾಲ್ಕನೆಯದು ಮೊನ್ನೆ ಸೋಮವಾರ. ಡೇರೆಗೆಂದು ಎತ್ತಿಟ್ಟ ಟಾರ್ಪಾಲನ್ನು ಅವಳು ಭತ್ತದ ರಾಶಿಗೆ ಹೊದಿಸಿದ್ದಳು, ಇಲಿ ಅದರ ಮೂಲೆ ಕಡಿದಿತ್ತು. ಅವನು ಜಡೆ ಹಿಡಿದು ಬೀದಿಯವರೆಗೆ ಎಳೆದು ಕೆನ್ನೆಗೆ ಹೊಡೆದ. ಅವಳು ಮಣ್ಣು ಹಿಡಿದು ತೂರಿ, ಇಡೀ ಕೇರಿಗೆ ಕೇಳುವಂತೆ ಕೂಗಿದ್ದಳು: "ಆ ಫಟಫಟಿ ಮೇಲೇ ನಿನ್ನ ಹೆಣ ಬರ್ಲಿ!"

ಅವನು ತಪ್ಪಾಯಿತೆನ್ನಲಿಲ್ಲ. ಆ ಮಾತು ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಮರುದಿನ ಹಿತ್ತಲಲ್ಲಿ ನಿಂತು, ಯಾರೂ ಹೇಳದೆಯೇ, ತಿಂಗಳಿಗಾಗುವಷ್ಟು ಸೌದೆ ಸೀಳಿಕೊಟ್ಟ. ಅವಳೂ ಮಾತಾಡಲಿಲ್ಲ. ಆದರೆ ಹರಿದ ಮೂಲೆಗೆ ಗೋಣಿಯ ತೇಪೆ ಹಾಕಿದಳು. ನಲವತ್ತು ಖಡಕ್ ರೊಟ್ಟಿ ಬಡಿದಳು. ಶೇಂಗಾ ಹಿಂಡಿ, ಹುರಿಹಿಟ್ಟು, ಶುಂಠಿ ಬೆಲ್ಲ ಗಂಟು ಕಟ್ಟಿದಳು.

ಇವತ್ತು ಬೆಳಗಿನ ಮಂಜಿನಲ್ಲಿ ಇಬ್ಬರೂ ಹೊರಟು ನಿಂತರು. ಸಾಮಾನು ಕೊಳ್ಳಲು ಬಂದಿದ್ದ ರಾಮಪ್ಪ ರಾತ್ರಿ ಇಲ್ಲೇ ಉಳಿದಿದ್ದ. ಟಾರ್ಪಾಲು, ಬಿದಿರಿನ ಗೂಟ, ಪಂಪಿನ ಸ್ಟೌ, ಎಲ್ಲವನ್ನೂ ಹಿಂದಿನ ಸೀಟಿನ ಮೇಲೆ ಹಗ್ಗದಲ್ಲಿ ಬಿಗಿದಾಗಿತ್ತು. ಉಚ್ಚಂಗಪ್ಪ ಮಿಲಿಟರಿಯ ರೂಢಿಯಂತೆ ಅಂಗಿಯೊಳಗೆ ಹಳೆ ಪೇಪರು ತುಂಬಿಕೊಂಡಿದ್ದ.

"ಪೇಪರಿಗೆ ಚಳಿ ಹೋಗ್ತದೇನು?" ಎಂದಳು ನೀಲಾಂಬಿಕ. ಐದು ದಿನದಲ್ಲಿ ಅದು ಮೊದಲ ಮಾತು.

ಅವನು ನಕ್ಕ. ಅವಳು ಕರಿ ಕಂಬಳಿ ತಂದು, ಗದ್ದೆಗೆ ಹೋಗುವವರಿಗೆ ಹಾಕುವಂತೆ ತಲೆಗೆ ಕೊಪ್ಪೆ ಮಾಡಿ, ಬೆನ್ನ ಮೇಲೆ ಇಳಿಬಿಟ್ಟು, ಎರಡು ಅಂಚನ್ನೂ ಗಂಟಲ ಬಳಿ ಹುರಿ ಹಾಕಿ ಕಟ್ಟಿದಳು.

"ಗಾಳಿಗೆ ಹಾರೋಗ್ತದೆ," ಎಂದ ಅವನು.

"ಕರು ಕಟ್ಟೋ ಗಂಟು ಇದು. ಎತ್ತು ಎಳೆದ್ರೂ ಬಿಚ್ಚಲ್ಲ."

"ಅತ್ತಿಗೆ, ಹಿಂದೆ ಜೋತಾಡ್ತಾ ಐತೆ. ಸೊಂಟಕ್ಕೆ ಸಿಗಿಸಿಕೊಳ್ಳಲಿ," ಎಂದ ರಾಮಪ್ಪ ತನ್ನ ಫಟಫಟಿಯ ಮೇಲಿಂದ.

"ಸುಮ್ನಿರಪ್ಪ. ಸಿಗಿಸಿದ್ರೆ ನಡ ಪೂರಾ ಬಯಲಾಗ್ತದೆ. ಹಿಮದಾಗೆ ಹೋಗೋ ಜೀವ."

ಉಚ್ಚಂಗಪ್ಪ ಅವಳ ಕೆನ್ನೆಯನ್ನು, ಸೋಮವಾರ ಹೊಡೆದಿದ್ದ ಕೆನ್ನೆಯನ್ನೇ, ಬೆರಳ ಬೆನ್ನಿನಿಂದ ಒಮ್ಮೆ ಮುಟ್ಟಿದ. ಆಮೇಲೆ ಫಟಫಟಿಯನ್ನು ಒದ್ದ. ಕೇರಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

*

ಹೊರಗೆ ಪೆಟ್ಟು ಬೀಳುತ್ತಲೇ ಇತ್ತು. ಒನಕೆ ಬಿದ್ದಂತೆ, ಒಂದೇ ಲಯದಲ್ಲಿ. ನೀಲಾಂಬಿಕ ಎದ್ದು ಹಿತ್ತಲಿಗೆ ಹೋದಳು. ಗಂಡನ ಹೆಣ ಬಿಟ್ಟು ಎಲ್ಲಿಗೆ ಹೊರಟಳೋ ಎಂದು ಹೆಂಗಸರು ನೋಡಿದರು.

ಗಾಡಿಯಿಂದ ಇಳಿಸಿದ ಫಟಫಟಿ ಹುಲ್ಲಿನ ಬಣವೆಯ ಬದಿಗೆ ಮಗ್ಗುಲಾಗಿ ಬಿದ್ದಿತ್ತು. ಕೆಸರು ಮೆತ್ತಿದ ಹಿಂದಿನ ಚಕ್ರದ ನಡುವೆ ಕೈ ಹಾಕಿದಳು. ಬೆರಳಿಗೆ ಒರಟು ಉಣ್ಣೆ ತಾಗಿತು. ಕರಿ ಕಂಬಳಿಯ ತುಂಡೊಂದು ಕಡ್ಡಿಗಳ ನಡುವೆ ಹೊಕ್ಕು, ಅಚ್ಚಿಗೆ ಸುತ್ತಿ ಸುತ್ತಿ, ಕಲ್ಲಿನಂತೆ ಬಿಗಿದಿತ್ತು. ತುದಿಯನ್ನು ಚಾಕುವಿನಿಂದ ಕೊಯ್ದ ಗುರುತಿತ್ತು.

ಚಕ್ರ ಕಂಬಳಿಯನ್ನು ಎಳೆದುಕೊಂಡಿತ್ತು. ಕಂಬಳಿ ಕೊರಳನ್ನು ಎಳೆದಿತ್ತು. ಗಂಟು ಬಿಚ್ಚಿರಲಿಲ್ಲ.

ಅವಳು ಅಲ್ಲೇ ಕೂತಳು. ರಾಮಪ್ಪನಿಗೆ ಎಲ್ಲ ಗೊತ್ತು. ಕೊಯ್ದು ಬಿಡಿಸಿದವನು ಅವನೇ. ಉಳಿದ ಕಂಬಳಿಯನ್ನು ಕಣ್ಮರೆ ಮಾಡಿದವನೂ ಅವನೇ. ಒಂದು ಮಾತು ಹೇಳಿದ್ದರೆ ಗೂಟ ಅವನ ಮೈಗೆ ಬೀಳುತ್ತಿರಲಿಲ್ಲ. ಹೇಳಲಿಲ್ಲ.

ಈಗ ತಾನೂ ಹೇಳದಿರಬಹುದು. ಹೇಳಿದರೆ ಕೇರಿ ಏನೆನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಸೋಮವಾರ ಹೊಡೆಸಿಕೊಂಡಳು, ಹೆಣ ಬರಲಿ ಎಂದಳು, ಶನಿವಾರ ಕುಣಿಕೆ ಕಟ್ಟಿ ಕಳಿಸಿದಳು. ಉಣ್ಣೆಯನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದರೆ ಮುಗಿಯಿತು, ಒಲೆಯಲ್ಲಿ ಬೆಂಕಿಯಿತ್ತು.

ಮುಂದಿನ ಬೀದಿಯಲ್ಲಿ ಯಾರೋ ಹೇಳುತ್ತಿದ್ದರು: "ತಲೀಗೆ ಹಾಕ್ಬೇಡ ಬೆನಕಪ್ಪ, ಸತ್ತುಹೋಗ್ತಾನೆ."

"ಸಾಯ್ಲಿ! ಇವತ್ತು ಎರಡು ಗುಂಡಿ ತೋಡ್ರಿ!"

ಅವಳು ಎದ್ದು ಓಡಿದಳು.

ರಾಮಪ್ಪ ಮಣ್ಣಿನಲ್ಲಿ ಮೊಣಕಾಲೂರಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಮೂಗಿನಿಂದ ಇಳಿದ ರಕ್ತ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವಳನ್ನು ಕಂಡವನೇ ತಲೆಯಾಡಿಸಿದ.

"ಅತ್ತಿಗೆ, ಒಳಗೆ ಹೋಗಿ. ನೀವೇನೂ ಮಾತಾಡ್ಬೇಡಿ."

"ಭಾವಾ, ಬಿಟ್ಟುಬಿಡ್ರಿ ಅವನ್ನ," ಎಂದಳು ನೀಲಾಂಬಿಕ. "ನಿಮ್ಮ ತಮ್ಮನ ಕೊಳ್ಳಿಗೆ ಬಿದ್ದಿದ್ದು ನಾ ಕಟ್ಟಿದ ಗಂಟು. ಕೊಪ್ಪೆ ಹಿಂದಿನ ಚಕ್ರಕ್ಕೆ ಸಿಕ್ಕೈತಿ. ಹಿತ್ತಲಿಗೆ ಹೋಗಿ ನೋಡ್ರಿ, ಉಣ್ಣೆ ಇನ್ನೂ ಅಲ್ಲೇ ಐತಿ."

ಅಯ್ಯನವರು ಹಿತ್ತಲಿಗೆ ಹೋಗಿ, ನೋಡಿ, ಬಂದರು. "ಹೌದು," ಎಂದರು ಅಷ್ಟೆ.

"ಅಣ್ಣಾರು ಹೋಗಿಬಿಟ್ರು," ರಾಮಪ್ಪ ಅಳುತ್ತಿದ್ದ. "ಅತ್ತಿಗೆ ಬದುಕ್ಬೇಕಲ್ದ? ತಾವು ಕಟ್ಟಿದ ಗಂಟೇ ಅಂತ ಗೊತ್ತಾದ್ರೆ ಹೆಂಗೆ ಬದುಕ್ತಾರೆ? ಅದ್ಕೇ ಕೊಯ್ದು ಕೆರೆಗೆ ಹಾಕ್ದೆ."

ಬೆನಕಪ್ಪನ ಹೆಂಡತಿ ಲೋಕಮ್ಮ ಬಾಗಿಲಿಂದ ಮುಂದೆ ಬಂದಳು. "ಕಟ್ಟಿದ್ಳಂತೆ! ಸೋಮವಾರ ಏನಂದಿದ್ಳು ಕೇಳ್ರಿ ಇವಳನ್ನ. ಫಟಫಟಿ ಮೇಲೆ ಹೆಣ ಬರ್ಲಿ ಅಂದಿದ್ಳು. ತರಿಸಿಕೊಂಡ್ಳಲ್ಲ, ರಂಡೆ!"

ಬೆನಕಪ್ಪನ ಕೈಯ ಗೂಟ ಮತ್ತೆ ಎದ್ದಿತು. ಅದು ನೀಲಾಂಬಿಕಳ ಹೆಗಲಿಗೆ ಬಿತ್ತು. ಅವಳು ಬೀಳಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು. "ಅಂದಿದ್ದೆ," ಎಂದಳು. "ಅಂದಿದ್ದೂ ನಾನೇ, ಚಳಿಯಾಗ್ತದೆ ಅಂತ ಕಟ್ಟಿದ್ದೂ ನಾನೇ."

ಎರಡನೆಯ ಸಲ ಗೂಟ ಏಳುವಷ್ಟರಲ್ಲಿ ಒಳಗಿನಿಂದ ಮಾಸ್ತಮ್ಮ ಬಂದಳು. ಮಗನ ಹೆಣ ಬಂದಾಗಿನಿಂದ ಬಾಯಿ ಬಿಡದೆ ಕಂಬಕ್ಕೊರಗಿದ್ದ ಮುದುಕಿ. ಗೋಡೆ ಹಿಡಿದು, ಬಾಗಿಲು ಹಿಡಿದು, ಕೊನೆಗೆ ಏನೂ ಹಿಡಿಯದೆ ನಡೆದು ಬಂದು ಸೊಸೆಯ ಮುಂದೆ ನಿಂತಳು.

"ಯಾವ ಗಂಟು ಕಟ್ಟಿದ್ದಿ?"

"ಕರು ಕಟ್ಟೋದು, ಅತ್ತೆ."

ಮುದುಕಿ ಮಗನ ಕಡೆ ತಿರುಗಿದಳು. "ಬೆನಕಾ, ಅದನ್ನ ಇವಳಿಗೆ ಕಲಿಸಿದೋಳು ನಾನು. ಮದುವೆಯಾಗಿ ಬಂದ ವರ್ಷ. ಕರು ಬಿಚ್ಕೊಂಡು ಹಾಲೆಲ್ಲ ಕುಡಿದುಬಿಡ್ತಿತ್ತು ಅಂತ ಕೈ ಹಿಡಿದು ಕಲಿಸಿದ್ದೆ. ಬರಲ್ಲ ಅಂತ ಅತ್ತಿದ್ಳು. ಬರೋವರೆಗೂ ಕಲಿಸ್ದೆ." "ಹೊಡಿ. ನನ್ನಿಂದ ಶುರು ಮಾಡು."

ಬೆನಕಪ್ಪ ಗೂಟ ಎತ್ತಿಕೊಂಡೇ ನಿಂತ. ತಾಯಿಗೆ ಹೊಡೆಯಲಾರ, ಇಳಿಸಲಾರ. ಕೊನೆಗೆ ಗೂಟವನ್ನು ಹಿಡಿದೇ ಹಿತ್ತಲಿಗೆ ನುಗ್ಗಿದ. ಕಬ್ಬಿಣದ ಮೇಲೆ ಮರ ಬಿದ್ದ ಸದ್ದು ಕೇಳಿಸಿತು. ದೀಪ ಒಡೆಯಿತು. ಮತ್ತೊಂದು ಪೆಟ್ಟು. ಮತ್ತೊಂದು. ಪೆಟ್ರೋಲಿನ ವಾಸನೆ ಲೋಬಾನದ ಹೊಗೆಯನ್ನು ಸೀಳಿಕೊಂಡು ಬೀದಿಗೆ ಬಂತು.

"ಎತ್ರಿ," ಎಂದಳು ಮಾಸ್ತಮ್ಮ. "ಹೊತ್ತಾಯ್ತು."

ಬಾಳೆಕಂಬದ ವಿಮಾನ ಮೇಲೆದ್ದಿತು. ಹೆಗಲು ಕೊಡಬೇಕಾದ ಅಣ್ಣ ಬರಲಿಲ್ಲ. ಅವನ ಜಾಗಕ್ಕೆ ಗಿರಣಿಯ ಹಮಾಲಿಯೊಬ್ಬ ಸೇರಿದ. ಶಂಖ ಮೊಳಗಿತು. ಹರಹರ ಎನ್ನುತ್ತ ಜನ ಕೆರೆಯ ಕಡೆ ಇಳಿದರು. ಹೆಂಗಸರು ನೀಲಾಂಬಿಕಳ ಎರಡೂ ಬದಿಗೆ ಮಾರು ದೂರ ಬಿಟ್ಟು ಹಾದುಹೋದರು. ಬಾ ಎಂದು ಯಾರೂ ಕರೆಯಲಿಲ್ಲ.

ಬೀದಿ ಖಾಲಿಯಾಯಿತು. ಹಿತ್ತಲಲ್ಲಿ ಪೆಟ್ಟು ನಿಲ್ಲಲಿಲ್ಲ.

ಅವಳು ಬಾವಿಯಿಂದ ಒಂದು ಕೊಡ ನೀರು ಸೇದಿ ತಂದಳು. ಪೆಟ್ಟು ಬಿದ್ದ ಬಲ ಹೆಗಲು ಏಳುತ್ತಿರಲಿಲ್ಲ, ಎಡಗೈಯಲ್ಲೇ ಬಗ್ಗಿಸಿದಳು. ರಾಮಪ್ಪ ಬೊಗಸೆ ಒಡ್ಡಿದ. ಮುರಿದ ಬೆರಳುಗಳು ಕೂಡಲಿಲ್ಲ. ನೀರು ಸಂದಿಯಿಂದ ಸೋರಿ ಕೆಂಪಗೆ ಮಣ್ಣಿಗಿಳಿಯಿತು. ಎರಡನೆಯ ಸಲವೂ ಸೋರಿತು.

ಎದುರುಮನೆಯ ಕಿಟಕಿಯಿಂದ ಯಾರೋ ನೋಡುತ್ತಿದ್ದರು. ನೀಲಾಂಬಿಕ ಕೊಡವನ್ನು ತೊಡೆಯ ಮೇಲೆ ಆನಿಸಿಕೊಂಡು, ನೋವಿದ್ದ ಬಲಗೈಯನ್ನು ನಿಧಾನವಾಗಿ ಮುಂದೆ ಚಾಚಿ, ಅವನ ಬೊಗಸೆಯ ಕೆಳಗೆ ತನ್ನ ಅಂಗೈ ಹಿಡಿದು, ನೀರು ಬಿಟ್ಟಳು.